ಕೈಗೆ ಕೆಲಸ, ಮನಸ್ಸಿಗೆ ದಾರಿ: ಕಮಲಾದೇವಿ ಚಟ್ಟೋಪಾಧ್ಯಾಯ

ಕಳೆದ ವರ್ಷದ ಚಳಿಗಾಲ. ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ನಮ್ಮ ಪ್ರಾಜೆಕ್ಟ್ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೀಟಿಂಗ್‌ಗಳು ಮಾತ್ರ ಒಂದೊಂದಾಗಿ ಕ್ಯಾಲೆಂಡರ್‌ನಿಂದ ಮಾಯವಾಗುತ್ತಿದ್ದವು. ಮನೆ ಸಾಲದ ಕಂತು, ಮಗಳ ಶಾಲೆಯ ಫೀಸು, ಧಾರವಾಡದಲ್ಲಿ ಒಬ್ಬಳೇ ಇರುವ ಅವ್ವ, ಎಲ್ಲವೂ ರಾತ್ರಿ ಎರಡು ಗಂಟೆಗೆ ಎದ್ದು ಬಂದು ಕೂರುತ್ತಿದ್ದವು. ದಿನವಿಡೀ ಫೋನ್ ತಿರುವಿ ತಿರುವಿ ನೋಡುವುದು, ಏನೂ ಓದದೆ ಕೆಳಗಿಡುವುದು. ಹದಿಮೂರು ವರ್ಷ ಕೋಡ್ ಬರೆದ ನನಗೆ ಹತ್ತು ಸಾಲು ಬರೆಯಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಆ ಸಮಯದಲ್ಲಿ ಅಲ್ಮೇರಾ ಜೋಡಿಸುತ್ತಿದ್ದಾಗ ಅಜ್ಜಿ ಕೊಟ್ಟಿದ್ದ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಒಂದು ಸೂಜಿ, ನಾಲ್ಕು ಬಣ್ಣದ ದಾರ, ಅರ್ಧಕ್ಕೆ ನಿಂತ ಒಂದು ಕಸೂತಿ. ಕಪ್ಪು ಬಟ್ಟೆಯ ಮೇಲೆ ಒಂದು ಗೋಪುರ, ಅದರ ಪಕ್ಕದಲ್ಲಿ ಸೊಂಡಿಲಿಲ್ಲದ ಆನೆ. ಸೊಂಡಿಲು ಹಾಕುವುದು ಬಾಕಿ ಇತ್ತು. ಅವ್ವನಿಗೆ ಫೋನ್ ಮಾಡಿ ಕೇಳಿದೆ. ಎಳೆ ಎಣಿಸಿಕೊಂಡು ಹೋಗು, ಗಂಟು ಮಾತ್ರ ಹಾಕಬೇಡ ಎಂದಳು. ಅಷ್ಟೇ ಪಾಠ.

ಕಸೂತಿ ಬಲ್ಲವರಿಗೆ ಗೊತ್ತು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತಾ ಹೋಗುತ್ತೇವೆ. ಅದೇ ದಾರಿಯಲ್ಲಿ ವಾಪಸು ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತೇವೆ. ಎರಡೂ ಕಡೆ ಒಂದೇ ಚಿತ್ರ ಕಾಣುತ್ತದೆ. ಎಂ.ಟೆಕ್‌ನಲ್ಲಿ ಗ್ರಾಫ್ ಥಿಯರಿ ಓದಿದ ನನಗೆ ಇದು ತಮಾಷೆಯೆನಿಸಿತು. ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡಿದರೆ ಹೊರಟ ಜಾಗಕ್ಕೇ ಬಂದು ಸೇರಬಹುದು ಎಂಬ ಲೆಕ್ಕವನ್ನು ನಮ್ಮ ಅಜ್ಜಿಯಂದಿರು ಪರೀಕ್ಷೆ ಬರೆಯದೆಯೇ ತಿಳಿದಿದ್ದರು. ದಿನಕ್ಕೆ ಅರ್ಧ ಗಂಟೆ, ಊಟವಾದ ಮೇಲೆ, ಫೋನ್ ಬೇರೆ ಕೋಣೆಯಲ್ಲಿಟ್ಟು ಹೊಲಿಯಲು ಕೂತೆ. ಎಳೆ ಎಣಿಸುವಾಗ ಬೇರೇನನ್ನೂ ಎಣಿಸಲು ಆಗುವುದಿಲ್ಲ. ಆ ಅರ್ಧ ಗಂಟೆ ತಲೆ ತಿಳಿಯಾಗುತ್ತಿತ್ತು.

ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹಿರಿಯ ಆಂಟಿ ಬಂದರು. ನಾನಿರುವುದು ಫರೀದಾಬಾದ್‌ನಲ್ಲಿ, ಎಲ್ಲರೂ ಎನ್‌ಐಟಿ ಎಂದು ಕರೆಯುವ ಭಾಗದಲ್ಲಿ. ಸುರತ್ಕಲ್‌ನ ಎನ್‌ಐಟಿಯಲ್ಲಿ ಓದಿ ಬಂದವಳಾದ್ದರಿಂದ ಇದೂ ಕಾಲೇಜಿನ ಹೆಸರೇ ಎಂದು ಮೊದಮೊದಲು ತಿಳಿದಿದ್ದೆ. ಅಲ್ಲ, ಹೊಸ ಕೈಗಾರಿಕಾ ಪಟ್ಟಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಆಂಟಿಯ ಹಿರಿಯರು ಈಗ ಪಾಕಿಸ್ತಾನದಲ್ಲಿರುವ ಬನ್ನೂ ಎಂಬ ಊರಿನವರು. ದೇಶ ವಿಭಜನೆಯಾದಾಗ ಉಟ್ಟ ಬಟ್ಟೆಯಲ್ಲಿ ಬಂದವರು. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ, ನಿಮ್ಮ ಕಡೆಯ ಒಬ್ಬ ಹೆಂಗಸೇ ನಮ್ಮಪ್ಪನಿಗೆ ಇಟ್ಟಿಗೆ ಕಟ್ಟುವ ಕೆಲಸಕ್ಕೆ ದಾರಿ ಮಾಡಿಕೊಟ್ಟಿದ್ದು ಎಂದರು. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ಅವರಪ್ಪ ಇಲ್ಲಿ ಬಂದು ಗಾರೆ ಕೆಲಸ ಕಲಿತು ಮನೆಗಳನ್ನು ಕಟ್ಟಿದರಂತೆ. ಯಾರು ಆ ಹೆಂಗಸು ಎಂದು ಕೇಳಿದೆ. ಕಮಲಾದೇವಿ ಎಂದರು.

ಹೆಸರು ಎಲ್ಲೋ ನೋಡಿದ ನೆನಪು. 2018ರ ಏಪ್ರಿಲ್ 3ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಅದನ್ನು ನೋಡಿ, ಚೆನ್ನಾಗಿದೆ ಎಂದುಕೊಂಡು, ಕೆಲಸಕ್ಕೆ ಮರಳಿದ್ದೆ. ಮಂಗಳೂರಿನ ಹತ್ತಿರವೇ ಎರಡು ವರ್ಷ ಓದಿದರೂ ಆ ಊರಿನ ಮಗಳೊಬ್ಬಳು ನಾನು ಮುಂದೆ ಬಾಳುವ ಊರನ್ನು ಕಟ್ಟಲು ಕೈಹಾಕಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಆ ರಾತ್ರಿಯಿಂದ ಅವರ ಬಗ್ಗೆ ಓದಲು ಶುರುಮಾಡಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದಕ್ಕಾಗಿಯೇ ಈ ಬರಹ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ಮನೆಮಾತು ಕೊಂಕಣಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿಕೊಂಡವರು, ಸ್ವತಂತ್ರ ಸ್ವಭಾವದವರು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನಿಗೆ ಹೋಯಿತು. ಹೆಂಡತಿಗೂ ಮಗಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ತಂದಿದ್ದರಲ್ಲೇ ಮಗಳನ್ನು ಸಾಕುವುದಾಗಿ ನಿರ್ಧರಿಸಿದರು. ಹೆಣ್ಣುಮಕ್ಕಳಿಗೆ ಹಕ್ಕು ಎಂಬುದು ಕಮಲಾದೇವಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಊಟದ ತಟ್ಟೆಯಷ್ಟು ಹತ್ತಿರದ ವಿಷಯವಾಗಿತ್ತು. ಅಕ್ಕ ಸಗುಣಾ ಕೂಡ ಮದುವೆಯಾದ ಸ್ವಲ್ಪ ಕಾಲದಲ್ಲೇ, ಇನ್ನೂ ಹರೆಯದಲ್ಲಿರುವಾಗಲೇ ತೀರಿಕೊಂಡಳು.

1917ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಕಮಲಾದೇವಿಯ ಮದುವೆಯಾಯಿತು. ಎರಡೇ ವರ್ಷಕ್ಕೆ, 1919ರಲ್ಲಿ, ವಿಧವೆಯಾದಳು. ಹದಿನಾರು ವರ್ಷದ ವಿಧವೆಗೆ ಆ ಕಾಲ ಏನು ಬರೆದಿಟ್ಟಿರುತ್ತಿತ್ತು ಎಂಬುದನ್ನು ನಮ್ಮ ಅಜ್ಜಿಯಂದಿರ ಬಾಯಲ್ಲಿ ಕೇಳಿದವರಿಗೆ ವಿವರಿಸಬೇಕಿಲ್ಲ. ಆದರೆ ಕಮಲಾದೇವಿಯ ಓದು ನಿಲ್ಲಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಅವಳ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ. ಕವಿ, ನಾಟಕಕಾರ, ನಟ. ಇಬ್ಬರೂ ಮದುವೆಯಾದರು. ವಿಧವಾ ವಿವಾಹ, ಅದರಲ್ಲೂ ಬೇರೆ ಪ್ರಾಂತದ ಬೇರೆ ಭಾಷೆಯವನೊಂದಿಗೆ. ನೆಂಟರಿಷ್ಟರ ಮಾತು ಎಷ್ಟು ಕೇಳಬೇಕಾಗಿ ಬಂದಿರಬಹುದು ಎಂದು ಊಹಿಸಿಕೊಳ್ಳಿ. ರಾಮ ಎಂಬ ಮಗ ಹುಟ್ಟಿದ. ಮುಂದೆ ಆ ದಾಂಪತ್ಯವೂ ಉಳಿಯಲಿಲ್ಲ, ಇಬ್ಬರೂ ಬೇರೆಯಾದರು.

ಮದುವೆಯ ನಂತರ ಲಂಡನ್ನಿಗೆ ಹೋಗಿ ಬೆಡ್‌ಫೋರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಲ್ಲಿದ್ದಾಗಲೇ ಗಾಂಧೀಜಿಯ ಅಸಹಕಾರ ಚಳವಳಿಯ ಸುದ್ದಿ ತಲುಪಿತು. ಊರಿಗೆ ಮರಳಿ ಸೇವಾದಳ ಸೇರಿದರು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. ಅಲ್ಲಿ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ತರಬೇತಿ ಕೊಡುವ ಹೊಣೆ ಕಮಲಾದೇವಿಯದಾಯಿತು. 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಮದ್ರಾಸ್ ಪ್ರಾಂತದ ಶಾಸನಸಭೆಗೆ ಚುನಾವಣೆಗೆ ನಿಂತರು. ನಮ್ಮ ದೇಶದಲ್ಲಿ ಹೀಗೆ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರನ್ನು ಹೇಳುತ್ತಾರೆ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಸೋತದ್ದು ಸ್ವಲ್ಪ ಮತಗಳಿಂದ. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಪುಣೆಯಲ್ಲಿ ಆರಂಭವಾದಾಗ ಅದರ ಮೊದಲ ಸಂಘಟನಾ ಕಾರ್ಯದರ್ಶಿ ಅವರೇ. ಪುಣೆಯ ನಮ್ಮ ಸದಸ್ಯೆಯರು ಇದನ್ನು ಹೆಮ್ಮೆಯಿಂದ ನೆನೆಯಬಹುದು.

ಮುಂಬಯಿಯವರಿಗೂ ಒಂದು ಕಥೆಯಿದೆ. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗಿದ್ದ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರು ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡಲಿ ಎಂಬುದು ಅವರ ಯೋಚನೆ. ಕಮಲಾದೇವಿ ದಾರಿಯಲ್ಲೇ ಹೋಗಿ ಅವರನ್ನು ಕಂಡು ವಾದಿಸಿದರು. ಉಪ್ಪು ಎಂದರೆ ಅಡುಗೆಮನೆ, ಅಡುಗೆಮನೆ ಹೆಂಗಸರದು. ಅದರ ಹೋರಾಟದಿಂದ ಹೆಂಗಸರನ್ನು ಹೊರಗಿಡುವುದು ಯಾವ ನ್ಯಾಯ? ಗಾಂಧೀಜಿ ಒಪ್ಪಿದರು. ಮುಂಬಯಿ ಕಡಲ ತೀರದಲ್ಲಿ ಉಪ್ಪು ಮಾಡಲು ನಿಂತ ಮುಂದಾಳುಗಳಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಉಪ್ಪಿನ ಪೊಟ್ಟಣ ಹಿಡಿದು ಕಮಲಾದೇವಿ ಷೇರುಪೇಟೆಯ ಒಳಗೇ ನುಗ್ಗಿ ಮಾರಿದರು. ಬಂಧನವಾಯಿತು, ಜೈಲಾಯಿತು. ಆಮೇಲೆಯೂ ಹಲವು ಬಾರಿ ಜೈಲು ಕಂಡರು. ನೆಲೆನಿಂತ ಮನೆ ಎಂಬುದು ಆ ವರ್ಷಗಳಲ್ಲಿ ಅವರಿಗೆ ಇರಲೇ ಇಲ್ಲ ಎನ್ನಬಹುದು.

ಇಷ್ಟರ ನಡುವೆ ನಾಟಕ, ಸಿನಿಮಾ ಬಿಟ್ಟಿರಲಿಲ್ಲ. 1931ರ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ನಟಿಸಿದರು. ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ಆರಂಭದ ಸಾಲಿನಲ್ಲಿ ಬರುವ ಚಿತ್ರ ಅದು. ಮರ್ಯಾದಸ್ಥರ ಮನೆಯ ಹೆಂಗಸರು ಪರದೆಯ ಮೇಲೆ ಕಾಣಿಸಿಕೊಳ್ಳಬಾರದು ಎಂದಿದ್ದ ಕಾಲ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು.

ಈಗ ನಮ್ಮ ಫರೀದಾಬಾದ್‌ಗೆ ಬರುತ್ತೇನೆ. ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆಯೂ. ದೆಹಲಿಯ ಸುತ್ತ ಎಲ್ಲಿ ನೋಡಿದರಲ್ಲಿ ಡೇರೆಗಳು. ಇಪ್ಪತ್ತೈದು ವರ್ಷ ಹೋರಾಡಿದವರೆಲ್ಲ ಈಗ ಮಂತ್ರಿಗಿರಿ, ರಾಯಭಾರಿಗಿರಿಯ ಹಾದಿಯಲ್ಲಿದ್ದರು. ಕಮಲಾದೇವಿಗೆ ಅದು ಬೇಕಿರಲಿಲ್ಲ. ಆಗ ಅವರಿಗೆ 45 ವರ್ಷ. ಅಷ್ಟು ದಿನ ಬದುಕಿಗೆ ಗುರಿಯಾಗಿದ್ದ ಸ್ವಾತಂತ್ರ್ಯ ಹೋರಾಟ ಮುಗಿದಿತ್ತು. ಮುಂದೇನು ಎಂಬ ಪ್ರಶ್ನೆ ಅವರ ಎದುರಿಗೂ ನಿಂತಿರಲೇಬೇಕು. ಅವರು ಹೋದದ್ದು ಡೇರೆಗಳ ಕಡೆಗೆ.

1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆ ಕಟ್ಟಿದರು. ನಿರಾಶ್ರಿತರಿಗೆ ಊಟ, ಕಂಬಳಿ ಹಂಚಿದರೆ ಸಾಲದು, ಅವರ ಕೈಗೆ ಕೆಲಸ ಬೇಕು, ಆ ಕೆಲಸ ಅವರದೇ ಸಹಕಾರ ಸಂಘದಲ್ಲಿರಬೇಕು ಎಂಬುದು ಅವರ ನಿಲುವು. ಮೊದಲು ದೆಹಲಿಯ ಹೊರವಲಯದ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ. ಆಮೇಲೆ ಫರೀದಾಬಾದ್. ವಾಯವ್ಯ ಗಡಿನಾಡಿನಿಂದ ಬಂದವರು ಇಲ್ಲಿ ಬೀಡುಬಿಟ್ಟಿದ್ದರು. ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸುವ ಬದಲು ನಿರಾಶ್ರಿತರೇ ಸಂಘ ಮಾಡಿಕೊಂಡು ಕಟ್ಟಿದರು. ಎಲ್.ಸಿ. ಜೈನ್ ಅವರಂಥ ಯುವಕರು ಕಮಲಾದೇವಿಯ ಜೊತೆಗೆ ದುಡಿದರು. ನಮ್ಮ ಬೀದಿಯ ಆಂಟಿಯ ತಂದೆ ಗಾರೆ ಕಲಿತದ್ದು ಹೀಗೆ. ಕಟ್ಟಿದ ಕೂಲಿ ಕೈಗೆ, ಕಟ್ಟಿದ ಮನೆ ತಲೆಯ ಮೇಲೆ. ನಾನು ದಿನವೂ ಆಟೋ ಹತ್ತುವ ಬಿ.ಕೆ. ಚೌಕ್‌ನ ಹೆಸರಿನಲ್ಲಿರುವುದು ಬಾದಶಾ ಖಾನ್, ಗಡಿನಾಡಿನ ಗಾಂಧಿ. ಹತ್ತು ವರ್ಷ ಅಲ್ಲಿ ನಿಂತಿದ್ದೇನೆ, ಎಂದೂ ಯೋಚಿಸಿರಲಿಲ್ಲ.

ಆ ಶಿಬಿರಗಳಲ್ಲಿ ಕಮಲಾದೇವಿ ಒಂದು ವಿಷಯವನ್ನು ಹತ್ತಿರದಿಂದ ಕಂಡರು. ಮನೆ, ಹೊಲ, ಅಂಗಡಿ ಎಲ್ಲ ಗಡಿಯಾಚೆ ಉಳಿಯುತ್ತದೆ, ಕೈಯಲ್ಲಿರುವ ವಿದ್ಯೆ ಮಾತ್ರ ಮನುಷ್ಯನ ಜೊತೆ ಬರುತ್ತದೆ. ನೇಯಲು ಬಲ್ಲವಳು ಮಗ್ಗ ಸಿಕ್ಕರೆ ನೇಯುತ್ತಾಳೆ. ಹೊಲಿಯಲು ಬಲ್ಲವಳಿಗೆ ಸೂಜಿ ಸಾಕು. ಮುಂದಿನ ನಲವತ್ತು ವರ್ಷ ಅವರು ಹಿಡಿದದ್ದು ಇದೇ ದಾರಿಯನ್ನು.

ದೇಶವೆಲ್ಲ ದೊಡ್ಡ ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಕನಸು ಕಾಣುತ್ತಿದ್ದಾಗ ಅವರು ಕುಂಬಾರ, ನೇಕಾರ, ಬಡಗಿ, ಕಂಚುಗಾರರ ಮನೆ ಬಾಗಿಲಿಗೆ ಹೋದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾದಾಗ ಅದರ ಅಧ್ಯಕ್ಷತೆ ಅವರಿಗೆ ಬಂತು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಅವರ ಸಹಕಾರ ಸಂಸ್ಥೆಯೇ ವಹಿಸಿಕೊಂಡು ನಡೆಸಿ ಬೆಳೆಸಿತು. ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಬಾರಿಕೆ, ಹೀಗೆ ಆರಿಹೋಗಲಿದ್ದ ಕಲೆಗಳು ಮತ್ತೆ ಉಸಿರಾಡಿದ್ದರ ಹಿಂದೆ ಅವರ ಕೈಯಿದೆ. ಬಲ್ಲವರನ್ನು ಹುಡುಕಿ, ಅವರ ಹತ್ತಿರ ನಾಲ್ಕು ಮಂದಿ ಕಲಿಯುವಂತೆ ಮಾಡಿ, ಮಾಡಿದ್ದಕ್ಕೆ ಮಾರುಕಟ್ಟೆ ಒದಗಿಸುವುದು. ಈ ಮೂರೂ ಒಟ್ಟಿಗೆ ನಡೆಯದಿದ್ದರೆ ಕಲೆ ಉಳಿಯದು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಶುರುವಾಯಿತು. ಕೈಕೆಲಸದವನ ಹೆಸರು ಅವನು ಮಾಡಿದ ವಸ್ತುವಿನ ಜೊತೆ ಕೇಳಿಬರತೊಡಗಿದ್ದು ಆಮೇಲೆ.

1964ರಲ್ಲಿ ಮದ್ರಾಸಿನಲ್ಲಿ ಭಾರತೀಯ ಕರಕುಶಲ ಪರಿಷತ್ತನ್ನು ಹುಟ್ಟುಹಾಕಿದರು. ಚೆನ್ನೈನ ಗೆಳತಿಯರು ಅದರ ಪ್ರದರ್ಶನಗಳಿಗೆ ಹೋಗಿರುತ್ತೀರಿ. ಅದೇ ವರ್ಷ ಬೆಂಗಳೂರಿನಲ್ಲಿ ಕಥಕ್ ನೃತ್ಯಕ್ಕಾಗಿ ನಾಟ್ಯ ಸಂಸ್ಥೆಯನ್ನು ಆರಂಭಿಸಿದರು. ಕರಕುಶಲ, ಜಮಖಾನ, ಕಸೂತಿ ಕಲೆಗಳ ಬಗ್ಗೆ ಪುಸ್ತಕಗಳನ್ನು ಬರೆದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ, 83ರ ವಯಸ್ಸಿನಲ್ಲಿ, ಆತ್ಮಕಥೆ ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅವರ ಬದುಕನ್ನು ಓದುತ್ತಾ ನನಗೆ ಒಂದು ವಿಷಯ ಮನಸ್ಸಿಗೆ ನಾಟಿತು. ಏಳಕ್ಕೆ ತಂದೆ ಹೋದರು, ಆಸ್ತಿ ಹೋಯಿತು. ಹದಿನಾರಕ್ಕೆ ಗಂಡ ಹೋದ. ಎರಡನೆಯ ದಾಂಪತ್ಯ ಮುರಿಯಿತು. ಚುನಾವಣೆಯಲ್ಲಿ ಸೋಲಾಯಿತು. ಕನಸು ಕಂಡ ದೇಶ ಎರಡು ಭಾಗವಾಯಿತು. ಒಂದೊಂದು ಸಲವೂ ಮುಂದಿನ ದಾರಿ ಪೂರ್ತಿ ಕಂಡ ಮೇಲೆ ಹೊರಟವರಲ್ಲ ಅವರು. ಎದುರಿಗಿದ್ದ ಕೆಲಸ ಹಿಡಿದರು, ಉಪ್ಪಾದರೆ ಉಪ್ಪು, ಇಟ್ಟಿಗೆಯಾದರೆ ಇಟ್ಟಿಗೆ, ಮಗ್ಗವಾದರೆ ಮಗ್ಗ. ಹೋಗುವಾಗ ಖಾಲಿ ಬಿಟ್ಟ ಜಾಗಗಳು ಎಷ್ಟೋ ವರ್ಷಗಳ ಮೇಲೆ ತುಂಬಿಕೊಂಡವು. ತಾಯಿಗೆ ಆಸ್ತಿ ಸಿಗದಿದ್ದ ಮನೆಯ ಹುಡುಗಿ, ಸಾವಿರಾರು ಹೆಂಗಸರು ತಮ್ಮ ಕೈಯಾರೆ ಗಳಿಸುವಂತೆ ಮಾಡಿದಳು.

ಹಾಗಂತ ಕಸೂತಿ ಹಾಕಿದರೆ ಕಷ್ಟವೆಲ್ಲ ಕಳೆಯುತ್ತದೆ ಎಂದು ನಾನು ಹೇಳುವುದಿಲ್ಲ. ಕಮಲಾದೇವಿಯೂ ಕೈಕೆಲಸವನ್ನು ಮನಸ್ಸಿನ ಸಮಾಧಾನದ ಮಟ್ಟಕ್ಕೆ ಇಳಿಸಲಿಲ್ಲ. ಅವರಿಗೆ ಅದು ಅನ್ನದ ಪ್ರಶ್ನೆ, ಮರ್ಯಾದೆಯ ಪ್ರಶ್ನೆ. ಮಾಡಿದವಳಿಗೆ ಸರಿಯಾದ ಬೆಲೆ ಸಿಗಬೇಕೆಂದು ಹಟ ಹಿಡಿದವರು ಅವರು. ನಾವು ಎಂಪೋರಿಯಂನಲ್ಲಿ ಕಸೂತಿ ಸೀರೆಗೆ ಚೌಕಾಸಿ ಮಾಡುವಾಗ ಇದನ್ನು ನೆನಪಿಡಬೇಕು. ನಾನೇ ಹೊಲಿದು ನೋಡಿದ ಮೇಲೆ ಗೊತ್ತಾಯಿತು, ಅಂಗೈಯಗಲದ ಒಂದು ಗೋಪುರಕ್ಕೆ ನನಗೆ ಬೇಕಾದದ್ದು ಹನ್ನೊಂದು ಸಂಜೆ.

ಫೆಬ್ರವರಿಯಲ್ಲಿ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿತ್ತು. ಆ ಸಂಜೆ ಅತ್ತೆ, ಅತ್ತದ್ದು ಸುಳ್ಳಲ್ಲ. ರಾತ್ರಿ ಊಟವಾದ ಮೇಲೆ ರೂಢಿಯಂತೆ ಬಟ್ಟೆ ಎತ್ತಿಕೊಂಡೆ. ಎಳೆ ಎಣಿಸುತ್ತಾ ಹೋದಂತೆ, ಮೂರು ತಿಂಗಳಿಂದ ನಾನು ಹೆದರಿದ್ದು ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ಅದು ಗೊತ್ತಾಗದೆ ಕಾಯುವುದಕ್ಕೆ ಎಂದು ಅರಿವಾಯಿತು. ಈಗ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ಗಂಡನ ಜೊತೆ ಕೂತು ಖರ್ಚಿನ ಪಟ್ಟಿ ಬರೆದೆ. ಅವ್ವನಿಗೆ ಫೋನ್ ಮಾಡಿ ಮುಚ್ಚಿಡದೆ ಹೇಳಿದೆ. ಅವಳು ಬೈಯಲಿಲ್ಲ, ಹೆದರಲೂ ಇಲ್ಲ. ಆನೆಯ ಸೊಂಡಿಲು ಆಯಿತೇನು ಎಂದು ಕೇಳಿದಳು.

ನಾಲ್ಕು ತಿಂಗಳ ಮೇಲೆ ಬೇರೆ ಕೆಲಸ ಸಿಕ್ಕಿದೆ. ಸಂಬಳ ಮೊದಲಿಗಿಂತ ಕಡಿಮೆ. ಆ ನಾಲ್ಕು ತಿಂಗಳಲ್ಲಿ ಮಗಳನ್ನು ನಾನೇ ಶಾಲೆಗೆ ಬಿಟ್ಟು ಬಂದೆ, ಆಂಟಿಯಿಂದ ಬನ್ನೂ ಕಡೆಯ ಅಡುಗೆ ಕಲಿತೆ, ಅವರಿಗೆ ಗವಂತಿ ಹೊಲಿಗೆ ಕಲಿಸಿದೆ. ಕಣ್ಣು ಮಂಜು, ಆದರೂ ಎಳೆ ತಪ್ಪುವುದಿಲ್ಲ ಅವರಿಗೆ. ಜನಪಥ್‌ನ ಎಂಪೋರಿಯಂಗೆ ಇಬ್ಬರೂ ಮೆಟ್ರೋದಲ್ಲಿ ಹೋಗಿ ಬಂದೆವು. ಏನೂ ಕೊಳ್ಳಲಿಲ್ಲ, ಎರಡು ಗಂಟೆ ನೋಡಿದೆವು.

ನಮ್ಮ ಮಹಿಳಾ ವೇದಿಕೆಯಲ್ಲಿ ಕೌದಿ ಹೊಲಿಯುವವರಿದ್ದಾರೆ, ಕ್ರೋಶಾ ಹಾಕುವವರಿದ್ದಾರೆ, ರಂಗೋಲಿಯಲ್ಲಿ ಎತ್ತಿದ ಕೈಯವರಿದ್ದಾರೆ. ಮುಂದಿನ ಸಲ ಸೇರುವಾಗ ಅರ್ಧಕ್ಕೆ ಬಿಟ್ಟ ಒಂದು ಕೈಕೆಲಸವನ್ನು ಎಲ್ಲರೂ ತನ್ನಿ ಎಂದು ನನ್ನ ವಿನಂತಿ. ಯಾರದೂ ಪೂರ್ತಿಯಾಗಿರಬೇಕಿಲ್ಲ. ನಾನು ಅಜ್ಜಿಯ ಆನೆಯನ್ನು ತರುತ್ತೇನೆ. ಸೊಂಡಿಲು ಸ್ವಲ್ಪ ಸೊಟ್ಟಗಾಗಿದೆ, ಬಿಚ್ಚಿಲ್ಲ.